ಚಳಿಯನ್ನು ಗೆದ್ದ ಪುಟ್ಟ ವಿಮಾನಗಳು



ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯಲ್ಲೂ ಮಾಗಿಯ ಮುಂಜಾನೆ ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಹೆಪ್ಪುಗಟ್ಟುತ್ತದೆ. ಕಡುಚಳಿಯ ನಾಡುಗಳಲ್ಲಿ ಪುಟ್ಟ ವಿಮಾನಗಳಿಗೆ ಎದುರಾಗುವ ತೊಡಕೂ ಇಂಥದೇ. ತಣ್ಣನೆಯ ಗಾಳಿ ದಟ್ಟವಾಗಿರುವುದರಿಂದ ರೆಕ್ಕೆಗೆ ಅನುಕೂಲವೇ. ಆದರೆ ಇಂಜಿನ್ ಆಯಿಲ್ ಮಂದವಾಗುತ್ತದೆ, ಬ್ಯಾಟರಿಯ ಬಲ ಕುಗ್ಗುತ್ತದೆ. ಇಂಜಿನ್ ಚಾಲೂ ಆಗುವುದೇ ಕಷ್ಟ.

1924ರ ಫೆಬ್ರವರಿ 21ರಂದು ಕಾರ್ಲ್ ಬೆನ್ ಐಲ್ಸನ್ ಅಲಾಸ್ಕದಲ್ಲಿ ವಿಮಾನದಿಂದ ಅಂಚೆ ಒಯ್ದರು. ನಾಯಿಬಂಡಿಗೆ ವಾರಗಳೇ ಹಿಡಿಯುತ್ತಿದ್ದ ದಾರಿ ಮೂರು ಗಂಟೆಯೊಳಗೆ ಮುಗಿಯಿತು. ಅಲ್ಲಿನ ಚಾಲಕರು ರಾತ್ರಿ ಆಯಿಲ್ ಬಸಿದಿಟ್ಟು, ಬೆಳಿಗ್ಗೆ ಒಲೆಯ ಮೇಲೆ ಕಾಯಿಸಿ ತುಂಬುತ್ತಿದ್ದರು. ಇಂದು ವಿದ್ಯುತ್ ಹೀಟರು, ಚಳಿಯಲ್ಲೂ ಹರಿಯುವ ಆಯಿಲ್ ಬಂದಿವೆ.

ನಮ್ಮ ಸಿಯಾಚಿನ್‌ನಲ್ಲಿ ಇದು ಪ್ರಾಣದ ಪ್ರಶ್ನೆ. ಸೊನ್ನೆಗಿಂತ 50 ಡಿಗ್ರಿ ಕೆಳಗಿಳಿಯುವ ಆ ಚಳಿಯ ನೆಲೆಯಿಂದ ಅಸ್ವಸ್ಥ ಯೋಧರನ್ನು ದಶಕಗಳ ಕಾಲ ಕೆಳಗೆ ತಂದದ್ದು ಬೆಂಗಳೂರಿನ ಎಚ್.ಎ.ಎಲ್. ತಯಾರಿಸಿದ ಪುಟ್ಟ ಚೀತಾ ಹೆಲಿಕಾಪ್ಟರ್. ಅದರ ಜಾಗಕ್ಕೆಂದು ರೂಪಿಸಿದ ಹೊಸ ಹಗುರ ಹೆಲಿಕಾಪ್ಟರನ್ನು 2019ರಲ್ಲಿ ಲೇಹ್‌ನ ಚಳಿಯಲ್ಲಿ ಪರೀಕ್ಷಿಸಲಾಯಿತು. ಅದನ್ನು ತಯಾರಿಸುವ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾದದ್ದು ಎಲ್ಲಿ ಬಲ್ಲಿರಾ? ಇದೇ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ! ಹಿಮವನ್ನೇ ಕಾಣದ ತೆಂಗಿನ ಸೀಮೆಯಲ್ಲಿ ಬಿಗಿಯುವ ಒಂದೊಂದು ತಿರುಪಿನ ಮೇಲೂ, ಹಿಮದಲ್ಲಿ ಕಾಯುವ ಯೋಧನ ಜೀವ ನಿಂತಿರುತ್ತದೆ.