ಜೋಡಿ ಚಿಪ್‌ಗಳ ಕಾಲ: ಅಂಕಿಗೂ ಕಣ್ಣಿಗೂ ನಡೆದ ಜಗಳ

2008ರ ಜುಲೈ ತಿಂಗಳ ನಡುಭಾಗ. ಎಎಂಡಿ ಸಂಸ್ಥೆಯ ‘ರೇಡಿಯಾನ್ ಎಚ್‌ಡಿ 4870 ಎಕ್ಸ್2’ ಎಂಬ ಗ್ರಾಫಿಕ್ಸ್ ಕಾರ್ಡ್ ಅಂಗಡಿಗೆ ಬರಲು ಇನ್ನೂ ಸುಮಾರು ಒಂದು ತಿಂಗಳಿತ್ತು. ಅಷ್ಟರಲ್ಲಿಯೇ ಅದರ ಮಾದರಿಗಳು ಆಯ್ದ ಕೆಲವು ವಿಮರ್ಶಕರ ಕೈ ಸೇರಿದ್ದವು. ಅವರು ಪರೀಕ್ಷಿಸಿ ಅಂಕಿಗಳನ್ನು ಪ್ರಕಟಿಸಿಯೂ ಬಿಟ್ಟರು. ಹಿಂದಿನ ತಿಂಗಳಷ್ಟೇ ಸಿಂಹಾಸನವೇರಿದ್ದ ಎನ್‌ವಿಡಿಯಾದ ‘ಜಿಟಿಎಕ್ಸ್ 280’ ಹೆಚ್ಚಿನ ಆಟಗಳಲ್ಲಿ ಹಿಂದೆ ಬಿದ್ದಿತ್ತು. ಇಂಥ ಸುದ್ದಿಗಾಗಿಯೇ ರಾತ್ರಿ ಎಚ್ಚರವಾಗಿದ್ದು ಕಾಯುವ ಒಂದು ಲೋಕವಿದೆ. ಆ ಲೋಕಕ್ಕೆ ಅಂದು ಹಬ್ಬ.

ಸಾಹಿತ್ಯ ಬಳಗದ ಈ ಅಂಗಳದಲ್ಲಿ ಇದೆಂಥ ವಿಷಯ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಸಮಾಧಾನ ಇಷ್ಟೆ: ಅಳತೆಗೂ ಅನುಭವಕ್ಕೂ ನಡುವೆ ಬಿರುಕು ಬಿಟ್ಟಾಗ ಜನ ಯಾವುದನ್ನು ನಂಬುತ್ತಾರೆ ಎಂಬುದು ಎಲ್ಲ ಕಾಲದ ಪ್ರಶ್ನೆ. ಅದು ಇಷ್ಟು ಸ್ಪಷ್ಟವಾಗಿ, ತಾರೀಖು ಸಮೇತ ದಾಖಲಾಗಿರುವ ಪ್ರಸಂಗಗಳು ಹೆಚ್ಚಿಲ್ಲ.

ಗ್ರಾಫಿಕ್ಸ್ ಕಾರ್ಡ್ ಎಂದರೆ ಕಂಪ್ಯೂಟರಿನೊಳಗೆ ಚಿತ್ರ ಬರೆಯುವ ಭಾಗ. ಆಟವೊಂದು ನಡೆಯುತ್ತಿರುವಾಗ ಅದು ಸೆಕೆಂಡಿಗೆ ಹತ್ತಾರು ಬಾರಿ ಇಡೀ ದೃಶ್ಯವನ್ನು ಹೊಸದಾಗಿ ಬರೆಯಬೇಕು. ಹಾಗೆ ಬರೆದ ಒಂದೊಂದು ಚಿತ್ರವೂ ಒಂದು ಫ್ರೇಮ್. ಸೆಕೆಂಡಿಗೆ 60 ಫ್ರೇಮ್ ಬಂದರೆ ಚಲನೆ ನುಣುಪು, 20 ಬಂದರೆ ಕುಂಟು. ಒಂದೇ ಆಟವನ್ನು, ಒಂದೇ ದೃಶ್ಯವನ್ನು ಬೇರೆ ಬೇರೆ ಕಾರ್ಡ್‌ಗಳಲ್ಲಿ ಓಡಿಸಿ, ಬಂದ ಫ್ರೇಮ್‌ಗಳನ್ನು ಎಣಿಸಿ, ಸೆಕೆಂಡುಗಳಿಂದ ಭಾಗಿಸಿ ಸರಾಸರಿ ತೆಗೆಯುವುದೇ ಬೆಂಚ್‌ಮಾರ್ಕ್. ಆ ಕಾಲದಲ್ಲಿ ಕಾರ್ಡಿನ ಮಾನ ಅವಮಾನಗಳೆಲ್ಲ ಈ ಒಂದು ಸರಾಸರಿಯಲ್ಲಿ ಅಡಗಿದ್ದವು.

4870 ಎಕ್ಸ್2 ಹೆಸರಿನ ಕೊನೆಯ ಎರಡಂಕಿಯ ಅರ್ಥ, ಒಂದೇ ಹಲಗೆಯ ಮೇಲೆ ಎರಡು ಚಿಪ್‌ಗಳು. ಇದರ ಹಿಂದೊಂದು ಯೋಚನೆಯಿತ್ತು. ಎನ್‌ವಿಡಿಯಾ ತನ್ನ ಜಿಟಿಎಕ್ಸ್ 280ರಲ್ಲಿ 140 ಕೋಟಿ ಟ್ರಾನ್ಸಿಸ್ಟರ್‌ಗಳ ಒಂದು ದೈತ್ಯ ಚಿಪ್ ಕಟ್ಟಿತ್ತು. ಬೆಲೆ 649 ಡಾಲರ್. ಎಎಂಡಿ 2006ರಲ್ಲಿ ಕೊಂಡುಕೊಂಡಿದ್ದ ಎಟಿಐ ತಂಡದವರು ಬೇರೆ ಹಾದಿ ಹಿಡಿದರು. ಅದರ ಅರ್ಧಕ್ಕೂ ಕಡಿಮೆ ವಿಸ್ತೀರ್ಣದ, 95 ಕೋಟಿ ಚಿಲ್ಲರೆ ಟ್ರಾನ್ಸಿಸ್ಟರ್‌ಗಳ ಒಂದು ಚಿಪ್ ಮಾಡಿ, ಅದನ್ನು ಒಂಟಿಯಾಗಿ 299 ಡಾಲರಿಗೆ ಮಾರುವುದು. ಮೇಲಿನ ಮೆಟ್ಟಿಲಿಗೆ ಎರಡನ್ನು ಒಂದೇ ನೊಗಕ್ಕೆ ಕಟ್ಟುವುದು. ಒಂಟಿ 4870 ಬಂದ ಕೆಲವೇ ವಾರಗಳಲ್ಲಿ ಜಿಟಿಎಕ್ಸ್ 280ರ ಬೆಲೆ 499 ಡಾಲರಿಗೆ ಇಳಿಯಿತು. ಜೂನ್‌ನಲ್ಲಿ ಪೂರ್ತಿ ಬೆಲೆ ತೆತ್ತು ಕೊಂಡಿದ್ದವರ ಹೊಟ್ಟೆಯುರಿ ಆಗ ಲೋಕಪ್ರಸಿದ್ಧವಾಗಿತ್ತು.

ಜೋಡಿ ಕಾರ್ಡಿನ ಮೊದಲ ಅಂಕಿಗಳನ್ನು ಆಸಕ್ತರು ಹಲವು ಬಗೆಯಲ್ಲಿ ಸ್ವೀಕರಿಸಿದರು. 2007ರಲ್ಲಿ ‘2900 ಎಕ್ಸ್‌ಟಿ’ಯ ಸೋಲನ್ನು ನುಂಗಿಕೊಂಡಿದ್ದ ಎಟಿಐ ಅಭಿಮಾನಿಗಳಿಗೆ ಇದು ಸೇಡು ತೀರಿಸಿಕೊಂಡ ಗಳಿಗೆ. ಎದುರಿನ ಪಾಳಯದವರು ನ್ಯಾಯದ ಪ್ರಶ್ನೆ ಎತ್ತಿದರು: ಇಬ್ಬರು ಸೇರಿ ಒಬ್ಬನನ್ನು ಸೋಲಿಸಿದರೆ ಅದೂ ಒಂದು ಗೆಲುವೆ? ಒಂದು ಹಲಗೆಯಲ್ಲಿದ್ದ ಮಾತ್ರಕ್ಕೆ ಇದನ್ನು ಒಂದು ಕಾರ್ಡ್ ಎನ್ನಬೇಕೆ, ಎರಡೆನ್ನಬೇಕೆ? ಈ ಚರ್ಚೆ ದ್ವೈತಾದ್ವೈತಗಳ ವಾದದಷ್ಟೇ ಬಿಸಿಯಾಗಿತ್ತು, ಅಷ್ಟೇ ಮುಗಿಯದ್ದೂ ಆಗಿತ್ತು. ಮೂರನೆಯವರು ವಿದ್ಯುತ್ತಿನ ಲೆಕ್ಕ ಹಾಕಿದರು. 286 ವ್ಯಾಟ್ ನುಂಗುವ ಕಾರ್ಡಿಗೆ ಪವರ್ ಸಪ್ಲೈ ಬೇರೆ ಕೊಳ್ಳಬೇಕು. ಬೇಸಿಗೆಯಲ್ಲಿ ಕೋಣೆಯ ಗತಿಯೇನು? ಇನ್ನು ಕೆಲವರ ಮಾತು ಮೆತ್ತಗಿತ್ತು, ಅದಕ್ಕೇ ಹೆಚ್ಚು ಜನ ಕಿವಿಗೊಡಲಿಲ್ಲ. ಇದರ ಹಿಂದಿನ ಜೋಡಿ ಕಾರ್ಡ್‌ಗಳನ್ನು ಬಳಸಿ ನೋಡಿದ್ದೇವೆ, ಅಂಕಿ ಚೆನ್ನಾಗಿಯೇ ಬರುತ್ತದೆ, ಆದರೆ ಕಣ್ಣಿಗೆ ಏನೋ ಸರಿಯಿಲ್ಲ ಎಂಬುದು ಅವರ ಮಾತು. ನಮ್ಮ ಲೇಖನ ಈ ನಾಲ್ಕನೆಯವರ ಕುರಿತದ್ದು.

ಅವರ ಮಾತಿನ ಬೇರು ಹುಡುಕಲು ಹತ್ತು ವರ್ಷ ಹಿಂದಕ್ಕೆ ಹೋಗಬೇಕು. 1998ರಲ್ಲಿ 3ಡಿಎಫ್‌ಎಕ್ಸ್ ಸಂಸ್ಥೆ ‘ವೂಡೂ2’ ಕಾರ್ಡ್‌ಗಳೆರಡನ್ನು ಜೋಡಿಸುವ ಎಸ್‌ಎಲ್‌ಐ ಎಂಬ ಏರ್ಪಾಡನ್ನು ತಂದಿತು. ಪರದೆಯ ಅಡ್ಡಗೆರೆಗಳನ್ನು ಬೆಸ ಸಮ ಎಂದು ಹಂಚಿ, ಒಂದು ಕಾರ್ಡ್ ಬೆಸ ಗೆರೆಗಳನ್ನೂ ಇನ್ನೊಂದು ಸಮ ಗೆರೆಗಳನ್ನೂ ಬರೆಯುತ್ತಿತ್ತು. ಇಬ್ಬರು ಒಂದೇ ಚಿತ್ರದಲ್ಲಿ ಕೂಡಿ ದುಡಿಯುತ್ತಿದ್ದುದರಿಂದ ಚಿತ್ರ ಮುಗಿಯುವ ಹೊತ್ತಿಗೆ ಇಬ್ಬರ ಕೆಲಸವೂ ಮುಗಿದಿರಬೇಕಿತ್ತು. 1999ರ ಕೊನೆಯಲ್ಲಿ ಎಟಿಐ ‘ರೇಜ್ ಫ್ಯೂರಿ ಮ್ಯಾಕ್ಸ್’ ಎಂಬ ಜೋಡಿ ಚಿಪ್ ಕಾರ್ಡಿನಲ್ಲಿ ಬೇರೊಂದು ಹಂಚಿಕೆ ತಂದಿತು: ಮೊದಲ ಫ್ರೇಮ್ ಒಂದು ಚಿಪ್‌ಗೆ, ಎರಡನೆಯದು ಇನ್ನೊಂದಕ್ಕೆ, ಮೂರನೆಯದು ಮತ್ತೆ ಮೊದಲನೆಯದಕ್ಕೆ. ಪಾಳಿಯಲ್ಲಿ ದುಡಿಮೆ. ಆ ಕಾರ್ಡ್ ವಿಂಡೋಸ್ 2000 ಬಂದಾಗ ಎರಡೂ ಚಿಪ್‌ಗಳನ್ನು ಎಬ್ಬಿಸಲಾಗದೆ ಅರ್ಧಾಂಗಿಯಾಗಿ ಉಳಿಯಿತು. 3ಡಿಎಫ್‌ಎಕ್ಸ್ ನಾಲ್ಕು ಚಿಪ್‌ಗಳ ‘ವೂಡೂ5 6000’ ಕಟ್ಟಲು ಹೊರಟು, ಅದನ್ನು ಮಾರುಕಟ್ಟೆಗೆ ತರಲಾಗದೆ, 2000ದ ಡಿಸೆಂಬರಿನಲ್ಲಿ ತನ್ನ ಆಸ್ತಿಯನ್ನು ಎನ್‌ವಿಡಿಯಾಕ್ಕೆ ಮಾರಲು ಒಪ್ಪಿಕೊಂಡಿತು. ಆದರೆ ಪಾಳಿಯ ವಿಧಾನ ಸಾಯಲಿಲ್ಲ. ಆಟಗಳು ಜಟಿಲವಾದಂತೆ ಒಂದೇ ಚಿತ್ರವನ್ನು ಇಬ್ಬರಿಗೆ ಹಂಚುವುದು ಕಷ್ಟವಾಯಿತು. ಪೂರ್ತಿ ಚಿತ್ರವನ್ನೇ ಒಬ್ಬೊಬ್ಬರಿಗೆ ಕೊಡುವುದು ಸುಲಭ, ಅಂಕಿಯೂ ಹೆಚ್ಚು ಏರುತ್ತಿತ್ತು. 2004ರಲ್ಲಿ ಎನ್‌ವಿಡಿಯಾ ಎಸ್‌ಎಲ್‌ಐ ಹೆಸರನ್ನು ಹೊಸ ಅರ್ಥ ಕೊಟ್ಟು ಎಬ್ಬಿಸಿದ ಮೇಲೆ ಎರಡೂ ಸಂಸ್ಥೆಗಳು ಬಹುತೇಕ ಈ ಪಾಳಿಯನ್ನೇ ನೆಚ್ಚಿದವು.

ಜೋಡೆತ್ತಿನ ಗಾಡಿ ಹೊಡೆದವರಿಗೆ ಇದರ ತೊಡಕು ತಟ್ಟನೆ ಹೊಳೆಯುತ್ತದೆ. ಎರಡು ಎತ್ತುಗಳ ಬಲ ಒಂದೇ ಇದ್ದರೆ ಸಾಲದು, ಹೆಜ್ಜೆಯೂ ಕೂಡಬೇಕು. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದಕ್ಕೂ ಮತ್ತೊಂದಕ್ಕೂ 16.7 ಮಿಲಿಸೆಕೆಂಡಿನ ಅಂತರ ಇರಬೇಕು. ಎರಡು ಚಿಪ್‌ಗಳು ತಮ್ಮ ತಮ್ಮ ಪಾಡಿಗೆ ಬರೆದರೆ ಹಾಗಾಗುವುದಿಲ್ಲ. ಮೊದಲ ಫ್ರೇಮ್ ಬಂದ 5 ಮಿಲಿಸೆಕೆಂಡಿಗೇ ಎರಡನೆಯದು ಬಂದು ಬೀಳಬಹುದು, ಆಮೇಲೆ 28 ಮಿಲಿಸೆಕೆಂಡು ಏನೂ ಇಲ್ಲ, ಮತ್ತೆ 5, ಮತ್ತೆ 28. ಒಟ್ಟು ಲೆಕ್ಕದಲ್ಲಿ ಸೆಕೆಂಡಿಗೆ 60 ಆಗಿಯೇ ಆಗುತ್ತದೆ. ಕಣ್ಣಿಗೆ ಮಾತ್ರ ಆ ದೊಡ್ಡ ಅಂತರವೇ ಕಾಣುವುದು. ನೋಡುವವನ ಅನುಭವ 35 ಫ್ರೇಮ್‌ಗಳ ಹತ್ತಿರದ್ದು. ಉತ್ತರದಲ್ಲಿ ನೌಕರಿ ಮಾಡುವ ನಮ್ಮಂಥವರು ಒಬ್ಬ ಮುನ್ಶಿಯ ಕಥೆ ಕೇಳಿರುತ್ತೇವೆ. ಹೊಳೆಯ ಆಳವನ್ನು ಅಲ್ಲಲ್ಲಿ ಅಳೆದು, ಸರಾಸರಿ ತೆಗೆದು, ಮೊಣಕಾಲುದ್ದವೆಂದು ಖಾತ್ರಿ ಮಾಡಿಕೊಂಡು ಮನೆಮಂದಿಯನ್ನು ನೀರಿಗಿಳಿಸಿದವನು ಅವನು. ಎಲ್ಲರೂ ಮುಳುಗಿದ ಮೇಲೆ ದಡದಲ್ಲಿ ಕೂತು ಮತ್ತೆ ಕೂಡಿದನಂತೆ. ಲೆಕ್ಕ ಸರಿಯಾಗಿಯೇ ಇತ್ತು. ಕಡತಗಳ ವಿಲೇವಾರಿಗೆ ಸರಾಸರಿ ಎಷ್ಟು ದಿನ ಎಂಬ ಮಾಸಿಕ ತಃಖ್ತೆಯನ್ನು ತುಂಬುವಾಗ ಆ ಮುನ್ಶಿ ನಮ್ಮ ಪಕ್ಕದಲ್ಲೇ ಕುಳಿತಂತೆ ಅನ್ನಿಸುವುದುಂಟು.

2008ರ ಸುಮಾರಿಗೆ ಜರ್ಮನಿಯ ಆಸಕ್ತರು ಈ ಬಡಿತದ ದೋಷವನ್ನು ಅಂಕಿಗಳಲ್ಲಿಯೇ ತೋರಿಸತೊಡಗಿದ್ದರು. ‘ಫ್ರಾಪ್ಸ್’ ಎಂಬ ಸಣ್ಣ ತಂತ್ರಾಂಶ ಒಂದೊಂದು ಫ್ರೇಮ್ ಹುಟ್ಟಿದ ಗಳಿಗೆಯನ್ನೂ ಬರೆದಿಡುತ್ತಿತ್ತು. ಅದರಿಂದ ಗೆರೆ ಎಳೆದರೆ ಗರಗಸದ ಹಲ್ಲಿನಂಥ ನಕ್ಷೆ ಬರುತ್ತಿತ್ತು. ಇದಕ್ಕೆ ‘ಮೈಕ್ರೋ ಸ್ಟಟರ್’ ಎಂಬ ಹೆಸರೂ ಬಿತ್ತು. ನಾವು ಅದನ್ನು ಕಿರುತೊದಲು ಎನ್ನಬಹುದೇನೋ. ಆದರೂ ಮುಖ್ಯ ವಿಮರ್ಶೆಗಳ ಪುಟಗಳಲ್ಲಿ ಸರಾಸರಿಯೇ ರಾಜನಾಗಿ ಉಳಿಯಿತು. ತೊದಲು ಕಾಣುತ್ತದೆ ಎಂದವರಿಗೆ ಎದುರಾಳಿ ಸಂಸ್ಥೆಯ ಬಾಲಬಡುಕರೆಂಬ ಬಿರುದು, ಇಲ್ಲವೆ ಕಣ್ಣಿನ ವೈದ್ಯರನ್ನು ಕಾಣುವ ಸಲಹೆ. ಕಾರ್ಡ್ ಕೊಳ್ಳಲಾಗದವನ ಹೊಟ್ಟೆಕಿಚ್ಚು ಎಂದವರೂ ಇದ್ದರು.

ನಮ್ಮ ದೇಶದ ಮಟ್ಟಿಗೆ ಆ ಕೊನೆಯ ಮಾತಿನಲ್ಲಿ ಒಂದಿಷ್ಟು ಹುರುಳಿತ್ತೆಂದು ಒಪ್ಪಬೇಕು. 4870 ಎಕ್ಸ್2 ಆಗಸ್ಟ್ 12ರಂದು 549 ಡಾಲರಿಗೆ ಬಿಡುಗಡೆಯಾಯಿತು. ತೆರಿಗೆ, ಸಾಗಣೆ ಬಿಟ್ಟರೂ ಅಂದಿನ ದರದಲ್ಲಿ 23 ಸಾವಿರ ರೂಪಾಯಿಯ ಆಸುಪಾಸು. ಅದೇ ವಾರ ಆರನೆಯ ವೇತನ ಆಯೋಗದ ಶಿಫಾರಸುಗಳಿಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತ್ತು. ಪರಿಷ್ಕೃತ ವೇತನದಲ್ಲಿಯೂ ಅದು ಕೈಗೆಟಕುವ ವಸ್ತುವಾಗಿರಲಿಲ್ಲ. ಲ್ಯಾಮಿಂಗ್ಟನ್ ರೋಡ್, ನೆಹರೂ ಪ್ಲೇಸ್, ರಿಚಿ ಸ್ಟ್ರೀಟ್‌ಗಳ ಅಂಗಡಿಗಳಲ್ಲಿ ಅಂಥದ್ದನ್ನು ಓಡಿಸಿ ನೋಡುವ ಅವಕಾಶವೂ ಸುಲಭದ್ದಲ್ಲ. ನೋಡದವರಿಗೆ ಅಂಕಿಯೊಂದೇ ಗತಿ.

ಹಾಗೆಂದು ಆಸಕ್ತರು ಅಂಕಿಗಳನ್ನು ಕಣ್ಣುಮುಚ್ಚಿ ನಂಬುವ ಮುಗ್ಧರೇನೂ ಆಗಿರಲಿಲ್ಲ. 2001ರಲ್ಲಿ ‘ಕ್ವೇಕ್ 3’ ಆಟದ ಕಡತಕ್ಕೆ ‘ಕ್ವ್ಯಾಕ್’ ಎಂದು ಮರುನಾಮಕರಣ ಮಾಡಿದೊಡನೆ ಎಟಿಐ ಕಾರ್ಡಿನ ವೇಗ ಕುಸಿದು, ಚಿತ್ರದ ಗುಣ ಸುಧಾರಿಸಿದ್ದನ್ನು ಅವರು ಕಂಡಿದ್ದರು. ಡ್ರೈವರ್ ತಂತ್ರಾಂಶ ಆಟದ ಹೆಸರು ನೋಡಿ ಕೆಲಸ ಕದಿಯುತ್ತಿತ್ತು. 2003ರ ಮೇ ತಿಂಗಳಲ್ಲಿ ‘3ಡಿಮಾರ್ಕ್ 03’ ಪರೀಕ್ಷೆಯ ತಯಾರಕರು ಡ್ರೈವರಿನ ಕಳ್ಳದಾರಿಗಳನ್ನು ಮುಚ್ಚಿದಾಗ ಎನ್‌ವಿಡಿಯಾದ ‘ಎಫ್‌ಎಕ್ಸ್ 5900 ಅಲ್ಟ್ರಾ’ದ ಅಂಕ ಸುಮಾರು ಶೇ. 24ರಷ್ಟು ಇಳಿದಿತ್ತು. ಮೋಸದ ಅಂಕಿಯನ್ನು ಗುರುತಿಸುವುದು ಅವರಿಗೆ ಗೊತ್ತಿತ್ತು. ಇಲ್ಲಿ ಮೋಸವಿರಲಿಲ್ಲ, ಅದೇ ಕಷ್ಟ. ಪ್ರಾಮಾಣಿಕವಾಗಿ ಎಣಿಸಿದ ಅಂಕಿಯೇ ತಪ್ಪು ಪ್ರಶ್ನೆಗೆ ಉತ್ತರವಾಗಿತ್ತು.

ಪ್ರಶ್ನೆಯನ್ನು ತಿದ್ದಿದವರು ‘ಟೆಕ್ ರಿಪೋರ್ಟ್’ನ ಸ್ಕಾಟ್ ವಾಸನ್. 2011ರ ಸೆಪ್ಟೆಂಬರಿನಲ್ಲಿ ಅವರು ಬರೆದ ಲೇಖನದ ಸಾರ ಸರಳ: ಸೆಕೆಂಡ್ ಎಂಬುದು ಇಲ್ಲಿ ಬಹಳ ದೊಡ್ಡ ಕಾಲ. ಅದರೊಳಗೆ ಹೊಕ್ಕು ಪ್ರತಿ ಫ್ರೇಮಿಗೆ ಹಿಡಿದ ಮಿಲಿಸೆಕೆಂಡುಗಳನ್ನು ನೋಡಬೇಕು. ನೂರರಲ್ಲಿ ತೊಂಬತ್ತೊಂಬತ್ತು ಫ್ರೇಮ್‌ಗಳು ಎಷ್ಟರೊಳಗೆ ಬಂದವು ಎಂದು ಕೇಳಬೇಕು. ಆ ವರ್ಷದ ಮಾರ್ಚಿನಲ್ಲಿ ‘ಎಚ್‌ಡಿ 6990’ ಮತ್ತು ‘ಜಿಟಿಎಕ್ಸ್ 590’ ಎಂಬ ಎರಡು ಜೋಡಿ ಕಾರ್ಡ್‌ಗಳು 699 ಡಾಲರಿನ ಸಮಬೆಲೆಯಲ್ಲಿ ಸೆಣಸಿದ್ದವು. ಎರಡನೆಯದರ ಕೆಲವು ಪ್ರತಿಗಳು ಹೆಚ್ಚು ವೋಲ್ಟೇಜ್ ಕೊಟ್ಟ ವಿಮರ್ಶಕರ ಕೈಯಲ್ಲೇ ಸುಟ್ಟುಹೋದದ್ದು ದೊಡ್ಡ ಸುದ್ದಿಯಾಯಿತು. ಸುಟ್ಟ ಕಾರ್ಡ್ ಎಲ್ಲರಿಗೂ ಕಾಣುತ್ತದೆ, ತೊದಲುವ ಕಾರ್ಡ್ ಕಾಣುವುದಿಲ್ಲ.

ಅದನ್ನು ಕಾಣಿಸಿದ್ದು 2013. ಫ್ರಾಪ್ಸ್ ದಾಖಲಿಸುತ್ತಿದ್ದುದು ಆಟದ ಕಡೆಯ ಗಳಿಗೆಯನ್ನು, ಪರದೆಯನ್ನು ತಲುಪಿದ ಗಳಿಗೆಯನ್ನಲ್ಲ. ‘ಪಿಸಿ ಪರ್ಸ್‌ಪೆಕ್ಟಿವ್’ನ ರಯಾನ್ ಶ್ರೌಟ್ ಪರದೆಗೆ ಹೋಗುವ ಸಂಕೇತವನ್ನೇ ಇನ್ನೊಂದು ಯಂತ್ರದಲ್ಲಿ ಹಿಡಿದು ಪರೀಕ್ಷಿಸಿದರು. ಪ್ರತಿ ಫ್ರೇಮಿನ ಅಂಚಿಗೂ ಒಂದೊಂದು ಬಣ್ಣದ ಪಟ್ಟಿ ಅಂಟಿಸಿ, ಹಿಡಿದ ಚಿತ್ರದಲ್ಲಿ ಯಾವ ಬಣ್ಣ ಎಷ್ಟು ಗೆರೆ ಉದ್ದವಿದೆ ಎಂದು ಅಳೆಯುವ ಕ್ರಮ ಅದು. ಎಎಂಡಿಯ ಜೋಡಿ ಕಾರ್ಡ್‌ಗಳಲ್ಲಿ ಕೆಲವು ಬಣ್ಣಗಳು ಪರದೆಯ ಮೇಲೆ ಬೆರಳೆಣಿಕೆಯ ಗೆರೆಗಳಷ್ಟೇ ಉಳಿದಿದ್ದವು, ಕೆಲವು ಬರಲೇ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಅವೂ ಪೂರ್ಣ ಫ್ರೇಮ್‌ಗಳೇ! ಎರಡನೆಯ ಚಿಪ್ ಸೇರಿಸಿದರೂ ಕೆಲವು ಆಟಗಳಲ್ಲಿ ಕಣ್ಣಿಗೆ ಸಿಗುವ ಲಾಭ ಶೂನ್ಯಕ್ಕೆ ಹತ್ತಿರವಿತ್ತು.

ಈ ಅಳತೆಗೋಲಿನ ತಂತ್ರಾಂಶವನ್ನು ಒದಗಿಸಿದ್ದು ಎನ್‌ವಿಡಿಯಾ. ಎದುರಾಳಿಯೇ ಮಾಡಿದ ತಕ್ಕಡಿಯಲ್ಲಿ ನಮ್ಮನ್ನು ತೂಗುವುದೆ ಎಂದು ಎಎಂಡಿ ಅಭಿಮಾನಿಗಳು ಸಿಡಿದೆದ್ದರು, ಆ ಅನುಮಾನ ಸಹಜವೇ. ಆದರೆ ತಕ್ಕಡಿ ಸುಳ್ಳಾಡಲಿಲ್ಲ. ಸಂಸ್ಥೆ ದೋಷವನ್ನು ಒಪ್ಪಿಕೊಂಡಿತು. 999 ಡಾಲರಿನ ‘ಎಚ್‌ಡಿ 7990’ ಏಪ್ರಿಲ್ 24ರಂದು ಹೊರಬಂದಾಗ ಪರಿಹಾರದ ಡ್ರೈವರ್ ಇನ್ನೂ ಸಿದ್ಧವಿರಲಿಲ್ಲ. ಅದರ ಪರೀಕ್ಷಾ ಆವೃತ್ತಿ ಆಗಸ್ಟ್ 1ರಂದು ಬಂತು. ಬೇಗ ಮುಗಿದ ಫ್ರೇಮನ್ನು ತುಸು ತಡೆದು ಹಿಡಿದು, ಅಂತರವನ್ನು ಸಮಗೊಳಿಸುವುದೇ ಅದರ ಕೆಲಸ. ಮುಂದಿನ ಎತ್ತಿನ ಮೂಗುದಾರ ಎಳೆದಂತೆ. ತೊದಲು ಕಣ್ಣಿಗೆ ಕಾಣುತ್ತದೆ ಎಂದವರ ಮಾತು ಸಾಬೀತಾಗಲು ಐದು ವರ್ಷ ಹಿಡಿದಿತ್ತು. ಅವರನ್ನು ಗೇಲಿ ಮಾಡಿದವರು ಯಾರೂ ಕ್ಷಮೆ ಕೇಳಿದಂತೆ ನಮ್ಮ ಓದಿಗೆ ಸಿಕ್ಕಿಲ್ಲ. ವಾಸನ್ ಮುಂದೆ ಎಎಂಡಿಯನ್ನೇ ಸೇರಿದರು, ಶ್ರೌಟ್ ಇಂಟೆಲ್ ಸೇರಿದರು.

ಜೋಡಿಗಳ ಆಯುಷ್ಯ ಆ ಹೊತ್ತಿಗೆ ಮುಗಿಯುತ್ತ ಬಂದಿತ್ತು. 2014ರಲ್ಲಿ 500 ವ್ಯಾಟ್‌ಗಳ, ನೀರಿನಿಂದ ತಂಪಾಗುವ ‘ಆರ್9 295ಎಕ್ಸ್2’ ಮತ್ತು 2999 ಡಾಲರಿನ ‘ಟೈಟಾನ್ ಝಡ್’ ಬಂದವು. 2016ರಲ್ಲಿ ‘ರೇಡಿಯಾನ್ ಪ್ರೊ ಡ್ಯುಯೊ’. ಆಟಗಾರರ ಪಾಲಿಗೆ ಅಲ್ಲಿಗೆ ವಂಶ ನಿಂತಿತು. ಹೊಸ ಆಟಗಳು ಹಿಂದಿನ ಫ್ರೇಮಿನ ಮಾಹಿತಿಯನ್ನು ಬಳಸಿ ಮುಂದಿನದನ್ನು ಬರೆಯತೊಡಗಿದ್ದವು. ಹಿಂದಿನ ಫ್ರೇಮ್ ಪಕ್ಕದ ಚಿಪ್‌ನಲ್ಲಿದ್ದರೆ ಪಾಳಿಯ ದುಡಿಮೆ ಮುರಿದುಬೀಳುತ್ತದೆ. ಡೈರೆಕ್ಟ್‌ಎಕ್ಸ್ 12 ಬಂದ ಮೇಲೆ ಎರಡು ಚಿಪ್‌ಗಳನ್ನು ದುಡಿಸುವ ಹೊಣೆ ಆಟ ಬರೆಯುವವರ ಹೆಗಲೇರಿತು, ಅವರಲ್ಲಿ ಹೆಚ್ಚಿನವರು ಅದನ್ನು ಹೊರಲಿಲ್ಲ.

ಈಗ ವಿಮರ್ಶೆಗಳಲ್ಲಿ ಸರಾಸರಿಯ ಪಕ್ಕದಲ್ಲಿ, ಅತಿ ನಿಧಾನವಾದ ಶೇ. 1ರಷ್ಟು ಫ್ರೇಮ್‌ಗಳ ಅಂಕಿಯನ್ನೂ ಮುದ್ರಿಸುವ ವಾಡಿಕೆ ನೆಲೆಗೊಂಡಿದೆ. 2025ರ ಜನವರಿಯಲ್ಲಿ ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ವೇದಿಕೆಯ ಮೇಲೆ ‘ಆರ್‌ಟಿಎಕ್ಸ್ 5070’ ಎಂಬ ಒಂಟಿ ಚಿಪ್ ಕಾರ್ಡನ್ನು ತೋರಿಸಿ, ಹಿಂದಿನ ತಲೆಮಾರಿನ ಅತ್ಯುಚ್ಚ ಕಾರ್ಡಾದ ‘4090’ರ ಸಾಮರ್ಥ್ಯ ಇದರಲ್ಲಿದೆ ಎಂದರು. ಆ ಹೋಲಿಕೆಯಲ್ಲಿ, ಕಾರ್ಡ್ ನಿಜವಾಗಿ ಬರೆದ ಒಂದು ಫ್ರೇಮಿನ ಜೊತೆಗೆ ಕೃತಕ ಬುದ್ಧಿಮತ್ತೆ ಊಹಿಸಿ ಸೇರಿಸುವ ಮೂರರವರೆಗಿನ ಫ್ರೇಮ್‌ಗಳೂ ಎಣಿಕೆಗೆ ಬರುತ್ತಿದ್ದವು. ಅವನ್ನು ಎಣಿಸಬೇಕೆ ಬೇಡವೆ ಎಂದು ಆಸಕ್ತರು ಅಂದೇ ಜಗಳಕ್ಕೆ ಕೂತರು. ಬೆಲೆ ಮತ್ತೆ ಅದೇ, 549 ಡಾಲರ್.