ಒಂದು ಮಡಿಕೆಯ ವಂಶಾವಳಿ



ಫ್ರೆಂಚ್ ಭಾಷೆಯಲ್ಲಿ ಮಡಿಸು ಎಂಬುದಕ್ಕೆ ‘ಪ್ಲಿಯೇ’ ಎಂಬ ಕ್ರಿಯಾಪದವಿದೆ. ‘ಪ್ಲ್ವಾಯೇ’ ಎಂಬುದು ಅದರ ಒಡಹುಟ್ಟು. ಎರಡಕ್ಕೂ ತಾಯಿ ಲ್ಯಾಟಿನ್ನಿನ ‘ಪ್ಲಿಕಾರೆ’. ಒಂದು ಶಬ್ದ ಎರಡಾದ ಬಗೆಯನ್ನು ಮೊದಲು ನೋಡೋಣ.

ಧ್ವನಿನಿಯಮದಂತೆ ಫ್ರೆಂಚಿಗೆ ದಕ್ಕಬೇಕಾದುದು ‘ಪ್ಲ್ವಾಯೇ’ ಒಂದೇ. ಆದರೆ ಹಳೆಯ ಫ್ರೆಂಚಿನಲ್ಲಿ ಪ್ರಾರ್ಥಿಸು ಎಂಬರ್ಥದ ‘ಪ್ರಿಯೇ’ಗೆ (ನಮ್ಮ ಕವಿಗಳ ಪ್ರಿಯೇ ಅಲ್ಲ!) ಉಚ್ಚಾರದ ಒತ್ತಿಗೆ ತಕ್ಕಂತೆ ಎರಡು ರೂಪಗಳಿದ್ದವು. ಅದರ ಮೇಲ್ಪಂಕ್ತಿ ಹಿಡಿದು ಜನರು ‘ಪ್ಲಿಯೇ’ಯನ್ನೂ ಸೃಷ್ಟಿಸಿಕೊಂಡರು. ಒಂದೇ ಕೆಲಸಕ್ಕೆ ಇಬ್ಬರಾದರು. 1647ರಲ್ಲಿ ವೋಜ್ಲಾ ಎಂಬ ವಿದ್ವಾಂಸನು ಇಬ್ಬರ ಪಾಲನ್ನೂ ಗೊತ್ತುಮಾಡಿದನು: ಬಟ್ಟೆ, ಕಾಗದಗಳನ್ನು ಮಡಿಸುವುದಕ್ಕೆ ‘ಪ್ಲಿಯೇ’, ಭಾರಕ್ಕೆ ಬಾಗುವುದಕ್ಕೆ, ಮಣಿಯುವುದಕ್ಕೆ ‘ಪ್ಲ್ವಾಯೇ’. ಇಪ್ಪತ್ತೊಂದು ವರ್ಷಗಳ ತರುವಾಯ, 1668ರಲ್ಲಿ, ಲಾ ಫೊಂತೇನನು ಓಕ್ ಮರ ಮತ್ತು ಜೊಂಡಿನ ನೀತಿಕಥೆಯನ್ನು ಪ್ರಕಟಿಸಿದನು. ಗಾಳಿಗೆ ಬಾಗುವ ಜೊಂಡು ತನ್ನ ಬಗ್ಗೆ ಹೇಳಿಕೊಳ್ಳುವಾಗ ಬಳಸುವುದು ‘ಪ್ಲಿಯೇ’ಯನ್ನೇ! ಇಂದು ‘ಪ್ಲ್ವಾಯೇ’ ಬಹುಮಟ್ಟಿಗೆ ಗ್ರಂಥಗಳಲ್ಲಿ ಉಳಿದಿದೆ. ಗೆದ್ದದ್ದು ಬಳಕೆ. ಆದರೂ ಸೋತ ಪಂಡಿತನ ಮೇಲೆ ನಮಗೆ ಮಮತೆಯುಂಟು. ಆತನ ವಿಂಗಡಣೆ ಅಂದವಾದುದೇ.

ಬಂಧುಬಳಗ ದೊಡ್ಡದು. ‘ಒಳಕ್ಕೆ ಮಡಿಸು’ ಎಂಬುದರಿಂದ, ಕೆಲಸಕ್ಕೆ ನೇಮಿಸುವ ‘ಆಂಪ್ಲ್ವಾಯೇ’ ಬಂದಿತು. ‘ಮಡಿಕೆ ಬಿಡಿಸು’ ಎಂಬುದರಿಂದ, ವಿವರಿಸುವ ‘ಎಕ್ಸ್‌ಪ್ಲಿಕೇ’. ಕನ್ನಡದಲ್ಲಿಯೂ ನಾವು ವಿಷಯವನ್ನು ‘ಬಿಡಿಸಿ’ ಹೇಳುತ್ತೇವಷ್ಟೆ. ಲ್ಯಾಟಿನ್ನಿನ ‘ಡೂಪ್ಲೆಕ್ಸ್’ ಎಂದರೆ ಎರಡು ಮಡಿಕೆಯದು. ಇಮ್ಮಡಿ ಪುಲಕೇಶಿಯ ‘ಇಮ್ಮಡಿ’ಯೂ ಅದೇ ಕಲ್ಪನೆ. ಈ ಎರಡು ನುಡಿಗಳಿಗೆ ರಕ್ತಸಂಬಂಧವಿಲ್ಲ, ಬಟ್ಟೆ ಮಡಿಸುವ ಕೈಗಳ ಸಂಬಂಧವಿರಬಹುದು. ವೈದ್ಯರಾದ ನಮಗೆ ಅಂಗರಚನಾಶಾಸ್ತ್ರದಲ್ಲಿ ಎದುರಾಗುವ ‘ಪ್ಲೈಕಾ’ ಎಂಬ ಪೊರೆಯ ಮಡಿಕೆ ಇದೇ ಮನೆತನದ್ದು. ನರಗಳ ಹೆಣಿಗೆಯಾದ ‘ಪ್ಲೆಕ್ಸಸ್’ ದಾಯಾದಿ.

ಎಲ್ಲಕ್ಕಿಂತ ಸೋಜಿಗವಾದುದು ಲ್ಯಾಟಿನ್ ಜಗತ್ತಿನ ಎರಡು ತುದಿಗಳಲ್ಲಿದೆ. ಪಶ್ಚಿಮದ ಸ್ಪ್ಯಾನಿಷಿನಲ್ಲಿ ‘ಪ್ಲಿಕಾರೆ’ಯ ಸಂತಾನ ‘ಯೆಗಾರ್’, ಅಂದರೆ ಬಂದು ಸೇರು. ಪೂರ್ವದ ರೊಮೇನಿಯನ್ನಿನಲ್ಲಿ ‘ಪ್ಲೆಕಾ’, ಅಂದರೆ ಹೊರಟುಹೋಗು! ನಾವಿಕರು ದಡ ಸೇರಿ ಹಾಯಿ ಮಡಿಸಿದರು, ಸೈನಿಕರು ಹೊರಡಲು ಡೇರೆ ಮಡಿಸಿದರು ಎಂದು ವಿವರಿಸುವುದುಂಟು. ಮೊದಲನೆಯದಕ್ಕೆ ಸ್ವಲ್ಪ ಬಲವಿದೆ: ಹಡಗನ್ನು ದಡಕ್ಕೆ ತರುವುದಕ್ಕೆ ಲ್ಯಾಟಿನ್ನಿನಲ್ಲಿಯೇ ‘ಆಪ್ಲಿಕಾರೆ’ ಎಂಬ ಪ್ರಯೋಗವಿದ್ದಿತು. ಡೇರೆಯ ಕಥೆ ರಮ್ಯವಾದ ಊಹೆ. ‘ಪ್ಲೆಕಾ’ಗೆ ರೊಮೇನಿಯನ್ನಿನಲ್ಲಿ ಇಂದಿಗೂ ತಲೆ ಬಾಗಿಸು ಎಂಬ ಅರ್ಥವಿದೆ, ಬಾಗಿ ನಮಸ್ಕರಿಸಿ ಹೊರಡುವವರಿಗೆ ಡೇರೆಯೇ ಬೇಕಿಲ್ಲ.