ಒಂದು ನಿಮಿಷಕ್ಕೆ ಎಷ್ಟು ಉಸಿರು?

ಇಲ್ಲಿ ಏನಾದರೂ ಬರೆದು ಬಹಳ ದಿನ ಆಯ್ತು. ಆಫೀಸು, ರಿಲೀಸು, ಮತ್ತೆ ಆಫೀಸು.. ಅದೇ ಹಳೇ ನೆಪ. ಈ ಸಲ ಬರೆಯುವ ಹಾಗೆ ಮಾಡಿದ್ದು ಅಮ್ಮನ ಟ್ರಂಕು.

ಹೋದ ತಿಂಗಳು ಊರಿಗೆ ಹೋದಾಗ ಅಟ್ಟದ ಮೇಲಿದ್ದ ಹಳೇ ಟ್ರಂಕು ಖಾಲಿ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಅಮ್ಮ ಮೂವತ್ತು ವರ್ಷ ಮಲೆನಾಡಿನ ಒಂದು ಉಪಕೇಂದ್ರದಲ್ಲಿ ಎಎನ್ಎಂ ಆಗಿದ್ದವಳು. ಸರ್ಕಾರಿ ಕಾಗದದಲ್ಲಿ 'ಕಿರಿಯ ಮಹಿಳಾ ಆರೋಗ್ಯ ಸಹಾಯಕಿ', ಊರವರ ಬಾಯಲ್ಲಿ 'ನರ್ಸಮ್ಮ'. ಟ್ರಂಕಿನಲ್ಲಿ ಗೆದ್ದಲು ತಿಂದ ರಿಜಿಸ್ಟರುಗಳು, ಲಸಿಕೆ ಕಾರ್ಡುಗಳು, ನಿಂತು ಹೋದ ಒಂದು ಎಚ್ಎಂಟಿ ವಾಚು, ಮತ್ತೆ ಒಂದು ಪುಸ್ತಕ. ಪುಸ್ತಕ ಬಿಡಿಸಿದರೆ ಪುಟದ ತುಂಬ ಗುಲಾಬಿ, ಹಳದಿ, ಹಸಿರು ಬಣ್ಣದ ಚೌಕಗಳು. ಮಗುವಿಗೆ ಕೆಮ್ಮು ಇದೆಯೇ? ಇದ್ದರೆ ಎಷ್ಟು ದಿನದಿಂದ? ಒಂದು ನಿಮಿಷಕ್ಕೆ ಎಷ್ಟು ಉಸಿರು? ಇಷ್ಟಿದ್ದರೆ ಹೀಗೆ ಮಾಡು, ಅಷ್ಟಿದ್ದರೆ ಹಾಗೆ ಮಾಡು.

"ಅಮ್ಮಾ, ಇದು ಪಕ್ಕಾ ನಮ್ಮ ಇಫ್-ಎಲ್ಸ್ ಕಣೇ" ಅಂದೆ.

"ಅದೇನೋ ನಂಗೊತ್ತಿಲ್ಲಪ್ಪ. ಉಸಿರು ಎಣಿಸೋದು ಹೇಳಿಕೊಡೋಕೆ ಮುಂಚೆ ನಾವು ಮಕ್ಕಳನ್ನ ಬರೀ ಕಳಿಸ್ತಿದ್ವಿ. ಆಮೇಲೆ ನೋಡೋಕೆ ಶುರು ಮಾಡಿದ್ವಿ" ಅಂದ್ಲು ಅಮ್ಮ, ಅವರೆಕಾಯಿ ಸುಲಿಯುತ್ತಾ.

ಕಳಿಸೋದು, ನೋಡೋದು. ಈ ಎರಡರ ನಡುವಿನ ವ್ಯತ್ಯಾಸಕ್ಕೆ ಇಷ್ಟು ದೊಡ್ಡ ಇತಿಹಾಸ ಇದೆ ಅಂತ ಬೆಂಗಳೂರಿಗೆ ವಾಪಸ್ ಬಂದು ಓದಿದ ಮೇಲೆ ಗೊತ್ತಾಯ್ತು. ಆ ಕಥೆ ಹೇಳುತ್ತೇನೆ, ಸ್ವಲ್ಪ ಉದ್ದ ಆದರೆ ಬೈಕೋಬೇಡಿ.

ಕಥೆ ಶುರುವಾಗೋದು 1859ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ವಿಲಿಯಂ ರಾಥ್‌ಬೋನ್ ಎಂಬ ವ್ಯಾಪಾರಿಯ ಹೆಂಡತಿ ಕಾಯಿಲೆಯಿಂದ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರನ್ನು ಮನೆಯಲ್ಲೇ ನೋಡಿಕೊಂಡಿದ್ದು ಮೇರಿ ರಾಬಿನ್ಸನ್ ಎಂಬ ನರ್ಸ್. ದುಡ್ಡಿದ್ದ ತನ್ನ ಮನೆಯಲ್ಲೇ ನರ್ಸ್ ಒಬ್ಬಳಿಂದ ಇಷ್ಟು ಸಹಾಯ ಆಯ್ತು, ಇನ್ನು ಬಡವರ ಮನೆಯ ಗತಿ ಏನು ಎಂದು ಯೋಚಿಸಿದ ರಾಥ್‌ಬೋನ್ ಆಕೆಯನ್ನೇ ಮೂರು ತಿಂಗಳ ಮಟ್ಟಿಗೆ ಬಡವರ ಮನೆಗಳಿಗೆ ಹೋಗುವ ಕೆಲಸಕ್ಕೆ ಇಟ್ಟುಕೊಂಡ. ಅಲ್ಲಿನ ದುರವಸ್ಥೆ ನೋಡಲಾರದೆ ಆಕೆ ನಡುವೆಯೇ ಅಳುತ್ತಾ ಬಂದು ನನ್ನನ್ನು ಬಿಟ್ಟುಬಿಡಿ ಎಂದು ಕೇಳಿಕೊಂಡಳಂತೆ. ರಾಥ್‌ಬೋನ್ ಸಮಾಧಾನ ಮಾಡಿದ, ಆಕೆ ಮುಂದುವರೆಸಿದಳು. ಮೂರು ತಿಂಗಳು ಮುಗಿಯುವಾಗ ಇದೇ ತನ್ನ ಕೆಲಸ ಎಂದು ಅಲ್ಲೇ ನಿಂತಳು. ಮನೆ ಮನೆಗೆ ಹೋಗುವ ನರ್ಸುಗಳ ವ್ಯವಸ್ಥೆ ಬ್ರಿಟನ್ನಿನಲ್ಲಿ ಬೆಳೆದಿದ್ದು ಇಲ್ಲಿಂದ.

ಫ್ಲಾರೆನ್ಸ್ ನೈಟಿಂಗೇಲ್ ನರ್ಸಿಂಗ್ ಬಗ್ಗೆ ಬರೆದ ಪ್ರಸಿದ್ಧ ಪುಸ್ತಕ ಬಂದಿದ್ದೂ ಅದೇ 1859ರಲ್ಲಿ. ಅದರಲ್ಲಿ ರೋಗಿಯನ್ನು ಗಮನಿಸುವುದರ ಬಗ್ಗೆಯೇ ಒಂದು ಇಡೀ ಅಧ್ಯಾಯ ಇದೆ. ನನಗೆ ಬಹಳ ಹಿಡಿಸಿದ್ದು ಆಕೆ ಕೊಡುವ ಒಂದು ಉದಾಹರಣೆ. ರಾತ್ರಿ ಚೆನ್ನಾಗಿ ನಿದ್ದೆ ಬಂತಾ ಅಂತ ಕೇಳಿದರೆ ಪ್ರಯೋಜನ ಇಲ್ಲ. ಒಬ್ಬನಿಗೆ ಹತ್ತು ಗಂಟೆ ಎಚ್ಚರ ಇಲ್ಲದೆ ಮಲಗದಿದ್ದರೆ ಅದು ಕೆಟ್ಟ ರಾತ್ರಿ, ಇನ್ನೊಬ್ಬನಿಗೆ ನಡುನಡುವೆ ಸ್ವಲ್ಪ ಮಂಪರು ಹತ್ತಿದರೂ ಸಾಕು. ಆದ್ದರಿಂದ ಎಷ್ಟು ಗಂಟೆ ನಿದ್ದೆ, ಯಾವ ಹೊತ್ತಿನಲ್ಲಿ ಅಂತ ಕೇಳಬೇಕು. ಅಂದರೆ ಅಭಿಪ್ರಾಯ ಬೇಡ, ಸಂಖ್ಯೆ ಬೇಕು. ಬಗ್ ರಿಪೋರ್ಟಿನಲ್ಲಿ "ಸರಿಯಾಗಿ ವರ್ಕ್ ಆಗ್ತಿಲ್ಲ" ಅಂತ ಮಾತ್ರ ಬರೆಯುವ ನಮ್ಮ ಟೆಸ್ಟಿಂಗ್ ಟೀಮಿಗೆ ಇದನ್ನು ಓದಿಸಬೇಕು :-)

ಆದರೆ ಗಮನಿಸುವುದು ನರ್ಸಿನ ಕೆಲಸ, ನಿರ್ಧಾರ ಮಾಡುವುದು ಡಾಕ್ಟರ ಕೆಲಸ ಎಂಬ ಗೆರೆ ಗಟ್ಟಿಯಾಗಿಯೇ ಉಳಿಯಿತು. ನೋಡು, ಬರೆದುಕೋ, ಹೇಳು. ಅಷ್ಟೇ. ಪಕ್ಕದಲ್ಲೇ ಡಾಕ್ಟರ್ ಇದ್ದರೆ ಇದರಿಂದ ತೊಂದರೆ ಇಲ್ಲ. ಇಲ್ಲದಿದ್ದರೆ?

ನಮ್ಮ ದೇಶದ ಸಮಸ್ಯೆ ಇದೇ ಆಗಿತ್ತು. 1946ರ ಭೋರ್ ಸಮಿತಿ ವರದಿ ಹಳ್ಳಿಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕು ಎಂದಿತು. ಮುಂದೆ ಉಪಕೇಂದ್ರಗಳು ಬಂದವು, ಅದಕ್ಕೆ ಎಎನ್ಎಂಗಳು ಬಂದರು. ಬಯಲುಸೀಮೆಯಲ್ಲಿ ಐದು ಸಾವಿರ, ಗುಡ್ಡಗಾಡಿನಲ್ಲಿ ಮೂರು ಸಾವಿರ ಜನಕ್ಕೆ ಒಂದು ಉಪಕೇಂದ್ರ ಎಂಬುದು ಲೆಕ್ಕ. ಅಲ್ಲಿ ಡಾಕ್ಟರ್ ಇಲ್ಲ, ಎಕ್ಸ್‌ರೇ ಇಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಬಸ್ಸೂ ಇಲ್ಲ. ಹೀಗಿರುವಾಗ ಕೆಮ್ಮುವ ಮಗುವೊಂದನ್ನು ಎತ್ತಿಕೊಂಡು ಬಂದರೆ ನರ್ಸಮ್ಮ ಏನು ಮಾಡಬೇಕು? ನೂರು ಮಕ್ಕಳಿಗೆ ಕೆಮ್ಮು ಬಂದರೆ ಬಹುಪಾಲು ತಾನಾಗೇ ವಾಸಿಯಾಗುವ ನೆಗಡಿ. ಕೆಲವಕ್ಕೆ ಮಾತ್ರ ನ್ಯುಮೋನಿಯಾ. ಅದು ಎರಡು ಮೂರು ದಿನದಲ್ಲಿ ಮಗುವನ್ನು ತಿಂದು ಹಾಕಬಹುದು. ಎಲ್ಲರನ್ನೂ ತಾಲ್ಲೂಕು ಆಸ್ಪತ್ರೆಗೆ ಕಳಿಸಿದರೆ ಯಾರೂ ಹೋಗುವುದಿಲ್ಲ, ಯಾರನ್ನೂ ಕಳಿಸದಿದ್ದರೆ ಮಕ್ಕಳು ಸಾಯುತ್ತವೆ.

ಇದಕ್ಕೆ ಉತ್ತರ ಸಿಕ್ಕ ಜಾಗ ಪಾಪುವಾ ನ್ಯೂಗಿನಿ. ಅಲ್ಲೂ ಗುಡ್ಡಗಾಡು, ಅಲ್ಲೂ ಡಾಕ್ಟರುಗಳು ಕಮ್ಮಿ. ಅಲ್ಲಿನ ಗೊರೋಕಾ ಎಂಬ ಊರಿನಲ್ಲಿ ಕೆಲಸ ಮಾಡುತ್ತಿದ್ದ ಆಸ್ಟ್ರೇಲಿಯಾದ ಮಕ್ಕಳ ವೈದ್ಯ ಫ್ರಾಂಕ್ ಶಾನ್ ಮತ್ತು ಜೊತೆಗಾರರು ಕೆಮ್ಮಿನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪರೀಕ್ಷೆ ಮಾಡಿ, ಸ್ಟೆತಾಸ್ಕೋಪ್ ಇಲ್ಲದವರೂ ನೋಡಬಹುದಾದ ಯಾವ ಲಕ್ಷಣ ಉಪಯೋಗಕ್ಕೆ ಬರುತ್ತದೆ ಎಂದು ಹುಡುಕಿದರು. 1984ರಲ್ಲಿ ಬಂದ ಅವರ ಲೇಖನದಲ್ಲಿ ಎರಡೇ ಮುಖ್ಯ ಲಕ್ಷಣ. ನಿಮಿಷಕ್ಕೆ 50ಕ್ಕಿಂತ ಹೆಚ್ಚು ಉಸಿರಾಡುವ ಮಗುವಿಗೆ ಆಂಟಿಬಯಾಟಿಕ್ ಕೊಡಿ. ಉಸಿರು ಒಳಗೆ ಎಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ ಆಸ್ಪತ್ರೆಗೆ ಸೇರಿಸಿ.

ಇದರ ಹಿಂದಿನ ತರ್ಕ ಸರಳ. ನ್ಯುಮೋನಿಯಾ ಬಂದಾಗ ಶ್ವಾಸಕೋಶದ ಗಾಳಿಚೀಲಗಳಲ್ಲಿ ದ್ರವ, ಕೀವು ತುಂಬಿ ಶ್ವಾಸಕೋಶ ಬಿಗಿಯಾಗುತ್ತದೆ. ಒಂದೊಂದು ಉಸಿರಿಗೂ ಒಳಗೆ ಹೋಗುವ ಗಾಳಿ ಕಮ್ಮಿ. ಆ ಕೊರತೆ ತುಂಬಲು ಮಗು ಬೇಗ ಬೇಗ ಉಸಿರಾಡುತ್ತದೆ. ಇನ್ನೂ ಬಿಗಿಯಾದರೆ ಬಲ ಹಾಕಿ ಎಳೆಯುತ್ತದೆ, ಆಗ ಮೆತ್ತಗಿರುವ ಪಕ್ಕೆಗಳು ಒಳಗೆ ಸೆಳೆದುಕೊಳ್ಳುತ್ತವೆ. ಇದನ್ನು ನೋಡಲು ಅಂಗಿ ಎತ್ತಬೇಕು, ಬೆಳಕಿರಬೇಕು, ತಾಳ್ಮೆ ಇರಬೇಕು. ಎಂಬಿಬಿಎಸ್ ಇರಲೇಬೇಕು ಅಂತಿಲ್ಲ.

ಮುಂದಿನ ಹೆಜ್ಜೆ ನಮ್ಮ ಪಕ್ಕದ ವೆಲ್ಲೂರಿನದು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಥಾಮಸ್ ಚೆರಿಯನ್, ಟಿ. ಜೇಕಬ್ ಜಾನ್ ಮುಂತಾದವರು ಇದನ್ನೇ ಪರೀಕ್ಷಿಸಿ 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಎಲ್ಲ ವಯಸ್ಸಿಗೂ 50 ಎಂದರೆ ಸರಿಹೋಗುವುದಿಲ್ಲ, ಒಂದು ವರ್ಷ ದಾಟಿದ ಮಕ್ಕಳಿಗೆ ಗೆರೆ 40ಕ್ಕೆ ಇಳಿಯಬೇಕು ಎಂದು ಅವರ ಲೆಕ್ಕ ತೋರಿಸಿತು. ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಹೀಗೆ ನಿಂತಿತು: ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು. ಅಮ್ಮನಿಗೆ ಇದು ಇವತ್ತಿಗೂ ಮಗ್ಗಿ ಥರ ಬಾಯಿಗೆ ಬರುತ್ತೆ.

ಲಕ್ಷಣ ಗೊತ್ತಾದರೆ ಸಾಕೇ, ಹಳ್ಳಿಯಲ್ಲಿ ಇದು ನಡೆಯುತ್ತದೆಯೇ? ಅದನ್ನು ತೋರಿಸಿದ್ದು ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿ. ಆರೋಗ್ಯ ಕಾರ್ಯಕರ್ತರಿಗೆ, ಓದು ಬರಹ ಬಾರದ ಸೂಲಗಿತ್ತಿಯರಿಗೆ ಕೂಡ, ನ್ಯುಮೋನಿಯಾ ಗುರುತಿಸಿ ಔಷಧಿ ಕೊಡಲು ಕಲಿಸಿದರು. ಐವತ್ತರವರೆಗೆ ಎಣಿಸಲು ಬಾರದವರಿಗೆ ಏನು ಮಾಡುವುದು? ಮರಳು ಗಡಿಯಾರ ಮತ್ತು ಮಣಿಗಳಿರುವ ಒಂದು ಸಾಧನ ಮಾಡಿದರು. ಹತ್ತು ಉಸಿರಿಗೆ ಒಂದು ಮಣಿ ಸರಿಸಿದರಾಯ್ತು. ಇದಕ್ಕಿಂತ ಒಳ್ಳೆಯ ಯೂಸರ್ ಇಂಟರ್‌ಫೇಸ್ ನಾನಂತೂ ನೋಡಿಲ್ಲ. 1990ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಈ ಹಳ್ಳಿಗಳಲ್ಲಿ ಐದು ವರ್ಷದೊಳಗಿನ ಸಾವಿರ ಮಕ್ಕಳಲ್ಲಿ ನ್ಯುಮೋನಿಯಾದಿಂದ ಸತ್ತವರು 8.1, ಹೋಲಿಕೆಗೆ ಇಟ್ಟುಕೊಂಡ ಹಳ್ಳಿಗಳಲ್ಲಿ 17.5. ಅರ್ಧಕ್ಕಿಂತಲೂ ಕಮ್ಮಿ!

1992ರಲ್ಲಿ ಶುರುವಾದ ತಾಯಿ ಮಕ್ಕಳ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನ್ಯುಮೋನಿಯಾ ನಿಯಂತ್ರಣವೂ ಸೇರಿಕೊಂಡು ಎಎನ್ಎಂಗಳಿಗೆ ತರಬೇತಿ ಬಂತು. ಬಣ್ಣದ ಚೌಕಗಳ ಪುಸ್ತಕ ಬಂದಿದ್ದು ಆಮೇಲೆ, 2000ದ ದಶಕದಲ್ಲಿ. ಅಲ್ಲಿ ಉಸಿರಿನ ಜೊತೆ ಭೇದಿ, ಜ್ವರ, ಅಪೌಷ್ಟಿಕತೆ ಎಲ್ಲವನ್ನೂ ಒಟ್ಟಿಗೆ ನೋಡಬೇಕು. ಗುಲಾಬಿ ಅಂದರೆ ತಕ್ಷಣ ಆಸ್ಪತ್ರೆ, ಹಳದಿ ಅಂದರೆ ಇಲ್ಲೇ ಔಷಧಿ, ಹಸಿರು ಅಂದರೆ ಮನೆಯಲ್ಲೇ ಆರೈಕೆ.

ಈಗ ಆ ಎಚ್ಎಂಟಿ ವಾಚಿನ ವಿಷಯ.

ನಾನಾಗ ಐದನೇ ಕ್ಲಾಸು. ಜುಲೈ ತಿಂಗಳ ಒಂದು ರಾತ್ರಿ, ಕರೆಂಟಿಲ್ಲ. ಕೆಳಗಿನ ಕೇರಿಯ ಒಬ್ಬಾಕೆ ಕೊಡೆ ಹಿಡಿದು ಬಂದು "ನರ್ಸಮ್ಮಾ, ಕೂಸು ಯಾಕೋ ಏದುಸಿರು ಬಿಡ್ತಾ ಉಂಟು" ಅಂದರು. ಮನೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಅಮ್ಮ ನನ್ನನ್ನೂ ಎಳೆದುಕೊಂಡು ಹೋದಳು. ಎಂಟು ತಿಂಗಳ ಮಗು. ಅಮ್ಮ ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟು, ಮುಳ್ಳು ಹನ್ನೆರಡಕ್ಕೆ ಬಂದಾಗ 'ಹಾಂ' ಅನ್ನು, ಮತ್ತೆ ಹನ್ನೆರಡಕ್ಕೆ ಬಂದಾಗ 'ಸಾಕು' ಅನ್ನು ಎಂದಳು. ಟಾರ್ಚು ಮಗುವಿನ ಅಜ್ಜಿಯ ಕೈಯಲ್ಲಿ. ಮೊದಲ ಸಲ ಎಣಿಸಿದಾಗ 66. ಆದರೆ ಮಗು ಅಳುತ್ತಿತ್ತು, ಅಮ್ಮ ಅದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. "ಎದೆಗೆ ಹಾಕ್ಕೊಳಮ್ಮ, ಸಮಾಧಾನ ಆಗ್ಲಿ" ಅಂದು ಸುಮ್ಮನೆ ಕೂತಳು. ಅಷ್ಟು ಹೊತ್ತು ಹೆಂಚಿನ ಮೇಲೆ ಮಳೆ ಸದ್ದು ಬಿಟ್ಟರೆ ಏನೂ ಇಲ್ಲ. ಮಗು ಎರಡು ಸಲ ಚೀಪಿ ಬಾಯಿ ಬಿಟ್ಟುಬಿಟ್ಟಿತು. ಮೂರನೇ ಸಲ ಬಾಯಿಯೇ ಹಾಕಲಿಲ್ಲ. ಮತ್ತೆ ಎಣಿಸಿದಾಗ 58. ಪಕ್ಕೆ ಸೆಳೆಯುತ್ತಿದ್ದುದು ಟಾರ್ಚ್ ಬೆಳಕಿನಲ್ಲಿ ನನಗೂ ಕಾಣಿಸುತ್ತಿತ್ತು.

ಮೊದಲ ಡೋಸ್ ಔಷಧಿ ಕೊಟ್ಟು, ಯಾರದೋ ಜೀಪು ಎಬ್ಬಿಸಿ, ಜೊತೆಗೆ ತಾನೂ ಹೋದಳು. ಆಸ್ಪತ್ರೆಯಲ್ಲಿದ್ದ ಡಾಕ್ಟರು "ಎಕ್ಸ್‌ರೇ ಇಲ್ಲದೆ ನ್ಯುಮೋನಿಯಾ ಅಂತ ಬರೆದವರು ಯಾರು, ನೀವಾ?" ಅಂತ ಎಲ್ಲರೆದುರಿಗೆ ಕೇಳಿದರಂತೆ. ಬೆಳಿಗ್ಗೆ ಎಕ್ಸ್‌ರೇಯಲ್ಲಿ ಅದೇ ಬಂತು. ಮಗು ಬದುಕಿತು. ಆ ಮಾತನ್ನು ಅಮ್ಮ ಮರೆತಿಲ್ಲ, ಆದರೆ ಈಗ ನಗುತ್ತಾ ಹೇಳುತ್ತಾಳೆ.

ಈ ಲೆಕ್ಕದಲ್ಲಿ ದೋಷ ಇಲ್ಲ ಅಂತಲ್ಲ. ಗೂರಲು ಇರುವ ಮಗುವೂ, ಜ್ವರ ಏರಿದ ಮಗುವೂ ಬೇಗ ಉಸಿರಾಡುತ್ತದೆ. ಬೇಡದ ಎಷ್ಟೋ ಮಕ್ಕಳಿಗೆ ಆಂಟಿಬಯಾಟಿಕ್ ಹೋಗುತ್ತದೆ. ಪಾಕಿಸ್ತಾನದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೇರೆ ಅಪಾಯದ ಲಕ್ಷಣ ಇಲ್ಲದೆ ಉಸಿರು ಮಾತ್ರ ವೇಗವಾಗಿದ್ದ ಮಕ್ಕಳ ಪೈಕಿ ಅಮಾಕ್ಸಿಸಿಲಿನ್ ಪಡೆದವರಲ್ಲಿ 2.6%, ಬರೀ ಹುಸಿ ಔಷಧಿ ಪಡೆದವರಲ್ಲಿ 4.9% ಮಕ್ಕಳಿಗೆ ಚಿಕಿತ್ಸೆ ವಿಫಲವಾಯಿತು. ಅಂದರೆ ಒಬ್ಬರಿಗೆ ಲಾಭ ಆಗಲು ಸುಮಾರು 44 ಮಕ್ಕಳಿಗೆ ಔಷಧಿ ಕೊಡಬೇಕು. ಕೊಡಬೇಕೋ ಬೇಡವೋ ಎಂಬುದು ಸುಲಭದ ಪ್ರಶ್ನೆ ಅಲ್ಲ.

ಆದರೆ ಅದೇ ದೇಶದಿಂದ 2011ರಲ್ಲಿ ಬಂದ ಇನ್ನೊಂದು ಫಲಿತಾಂಶ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿತು. ಹರಿಪುರ ಜಿಲ್ಲೆಯಲ್ಲಿ ಪಕ್ಕೆ ಸೆಳೆಯುವ ಮಕ್ಕಳನ್ನು ಒಂದು ಕಡೆ ಮೊದಲ ಡೋಸ್ ಕೊಟ್ಟು ಆಸ್ಪತ್ರೆಗೆ ಕಳಿಸಿದರು. ಇನ್ನೊಂದು ಕಡೆ ಮನೆ ಮನೆಗೆ ಹೋಗುವ ಮಹಿಳಾ ಆರೋಗ್ಯ ಕಾರ್ಯಕರ್ತೆಯರೇ ಅಮಾಕ್ಸಿಸಿಲಿನ್ ಕೊಟ್ಟು ಮನೆಯಲ್ಲೇ ನೋಡಿಕೊಂಡರು. ಚಿಕಿತ್ಸೆ ವಿಫಲವಾಗಿದ್ದು ಕಳಿಸಿದ ಕಡೆ 18%, ಮನೆಯಲ್ಲಿ ನೋಡಿಕೊಂಡ ಕಡೆ 9%. ಇಂಥ ಅಧ್ಯಯನಗಳ ಆಧಾರದ ಮೇಲೆ 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಬೇರೆ ಅಪಾಯದ ಲಕ್ಷಣ ಇಲ್ಲದಿದ್ದರೆ ಪಕ್ಕೆ ಸೆಳೆತಕ್ಕೂ ಮನೆಯಲ್ಲೇ ಔಷಧಿ ಸಾಕು ಎಂದು ನಿಯಮ ಬದಲಿಸಿತು. ಅದೇ ವರ್ಷ ನಮ್ಮ ಕೇಂದ್ರ ಸರ್ಕಾರ, ಎಳೆ ಕೂಸುಗಳಿಗೆ ನಂಜು ಏರಿದ ಅನುಮಾನ ಇದ್ದರೆ ಕೆಲವು ನಿರ್ದಿಷ್ಟ ಸಂದರ್ಭಗಳಲ್ಲಿ ಎಎನ್ಎಂ ಜೆಂಟಾಮೈಸಿನ್ ಇಂಜೆಕ್ಷನ್ ಕೊಡಬಹುದು ಎಂದಿತು.

'ದೊಡ್ಡಾಸ್ಪತ್ರೆಗೆ ಹೋಗಿ' ಅನ್ನುವುದು ಜವಾಬ್ದಾರಿಯ ಮಾತು ಅಂತಲೇ ನಾನು ತಿಳಿದಿದ್ದೆ. ಅದೂ ಒಂದು ನಿರ್ಧಾರ, ಅದಕ್ಕೂ ಸಾವು ನೋವಿನ ಲೆಕ್ಕ ಇದೆ ಅಂತ ಹೊಳೆದಿರಲಿಲ್ಲ. ಕಳಿಸಿದವರಿಗೆ ಆ ಲೆಕ್ಕ ಕಾಣುವುದಿಲ್ಲ, ಅಷ್ಟೇ.

ಪುಸ್ತಕವನ್ನು ಇಫ್-ಎಲ್ಸ್ ಅಂದಿದ್ದೂ ಅರ್ಧ ಮಾತ್ರ ಸರಿ. 66 ಬಂದಾಗ ಇನ್ಪುಟ್ಟೇ ತಪ್ಪು ಅಂತ ಬಿಸಾಕಿ, ಮಗು ಸಮಾಧಾನ ಆಗುವವರೆಗೆ ಕಾದಿದ್ದು ಅಮ್ಮ. ಕಾಯುವ ಹೊತ್ತಿನಲ್ಲಿ ಮಗು ಬಾಯಿ ಬಿಟ್ಟಿದ್ದನ್ನು ನೋಡಿದ್ದೂ ಅವಳೇ. ಮಗು ಅಳದೆ ಇದ್ದಾಗ ಎಣಿಸಬೇಕು, ಹಾಲು ಕುಡಿಯುತ್ತಿದೆಯೇ ನೋಡಬೇಕು ಅಂತ ಪುಸ್ತಕದಲ್ಲೂ ಇದೆ ನಿಜ. ಆದರೆ ಮಳೆಯ ರಾತ್ರಿಯಲ್ಲಿ, ಗಾಬರಿಯಾದ ಆರೇಳು ಜನರ ನಡುವೆ ಸುಮ್ಮನೆ ಕೂತು ಕಾಯುವುದು ಓದಿದ ಮಾತ್ರಕ್ಕೆ ಬರುವುದಿಲ್ಲ.

ಹೊರಡುವಾಗ ಆ ವಾಚು ಕೇಳಿದೆ. "ನಿಂತಿದೆ ಕಣೋ, ಏನ್ ಮಾಡ್ತೀಯ?" ಅಂದ್ಲು. ರಿಪೇರಿಗೆ ಕೊಟ್ಟಿದ್ದೇನೆ. ಅಂಗಡಿಯವರು ಮುಂದಿನ ವಾರ ಬನ್ನಿ ಅಂದಿದ್ದಾರೆ.

ನಿಮ್ಮೂರಿನ ನರ್ಸಮ್ಮನ ನೆನಪು ಏನಾದರೂ ಇದ್ದರೆ ಬರೆಯಿರಿ. ಅಮ್ಮನಿಗೆ ಓದಿ ಹೇಳುತ್ತೇನೆ.